ಚಿಕ್ಕಬೆಟ್ಟದ ನಿಸಿದಿಗಳನ್ನು ನೋಡುವ ಬಗೆ

ಹಾಸನದ ಕಡೆ ‘ಬೆಳಗೊಳಕ್ಕೆ ಹೋಗಿಬಂದೆವು’ ಎಂದರೆ ದೊಡ್ಡಬೆಟ್ಟ ಹತ್ತಿ ಗೊಮ್ಮಟನಿಗೆ ಕೈಮುಗಿದು ಬಂದೆವು ಎಂದೇ ಅರ್ಥ. ಎದುರಿಗಿರುವ ಚಿಕ್ಕಬೆಟ್ಟವನ್ನು ‘ಇಳಿದಮೇಲೆ ಹೊತ್ತಿದ್ದರೆ ನೋಡೋಣ’ ಎಂದು ಉಳಿಸಿಕೊಳ್ಳುತ್ತಾರೆ. ಹೊತ್ತು ಉಳಿಯುವುದಿಲ್ಲ. ಉಳಿದರೂ ಅಷ್ಟು ಮೆಟ್ಟಿಲು ಹತ್ತಿಳಿದ ಕಾಲಿಗೆ ಇನ್ನೊಂದು ಬೆಟ್ಟ ಬೇಡವಾಗಿರುತ್ತದೆ. ಹೇಗೋ ಹತ್ತಿದವರೂ ಬಸದಿಯಿಂದ ಬಸದಿಗೆ ಹೆಜ್ಜೆ ಹಾಕುತ್ತಾ ಅರ್ಧ ಗಂಟೆಯಲ್ಲಿ ಸುತ್ತು ಮುಗಿಸುತ್ತಾರೆ. ತಾವು ದಾಟಿಬಂದ ಬಂಡೆಯ ಮೇಲೆಯೇ ಸಾವಿರದ ಮುನ್ನೂರು ವರ್ಷದ ಹಿಂದಿನ ಕನ್ನಡ ಇತ್ತೆಂಬುದು ಅವರಿಗೆ ಗೊತ್ತೇ ಆಗುವುದಿಲ್ಲ.

ಶ್ರವಣಬೆಳಗೊಳ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಓದಿ ಅಚ್ಚು ಹಾಕಿರುವ ಶಾಸನಗಳು 573. ಅದರಲ್ಲಿ 271 ಚಿಕ್ಕಬೆಟ್ಟವೊಂದರಲ್ಲೇ ಇವೆ. ದೊಡ್ಡಬೆಟ್ಟದಲ್ಲಿರುವುದು 172. ಚಿಕ್ಕಬೆಟ್ಟದ ಹಳೆಯ ಶಾಸನಗಳಲ್ಲಿ ಬಹುಪಾಲು ಒಂದೇ ಸುದ್ದಿ ಹೇಳುತ್ತವೆ: ಇಂಥವರು ಇಲ್ಲಿ ಅನ್ನನೀರು ಬಿಟ್ಟು ದೇಹ ಇಳಿಸಿದರು. ಅದನ್ನು ಹೇಳುವ ಕಲ್ಲಿಗೆ, ಕಂಬಕ್ಕೆ, ಬಂಡೆಬರಹಕ್ಕೆ ನಿಸಿದಿ ಎಂದು ಹೆಸರು. ಅವನ್ನು ನೋಡುವುದಕ್ಕಾಗಿಯೇ ಒಂದು ಬೆಳಗ್ಗೆ ಮೀಸಲಿಡುವವರಿಗಾಗಿ ಈ ಬರಹ.

ಇದು ಗೋರಿಯಲ್ಲ

ಮೊದಲು ಇದೊಂದನ್ನು ತಿಳಿದುಕೊಳ್ಳಬೇಕು. ನಿಸಿದಿಯ ಕೆಳಗೆ ಯಾರನ್ನೂ ಹೂತಿಲ್ಲ. ಹೀಗೆ ಅನ್ನನೀರು ಬಿಟ್ಟು ಸಾಯುವ ಜೈನರ ಸಲ್ಲೇಖನ ವ್ರತ ಹಿಡಿದು ಸತ್ತವರ ನೆನಪಿಗೆ ನಿಲ್ಲಿಸಿದ ಗುರುತು ಅದು. ಸತ್ತ ಜಾಗ ಬೇರೆ, ನಿಸಿದಿ ನಿಲ್ಲಿಸಿದ ಜಾಗ ಬೇರೆ ಇರುವುದೂ ಉಂಟು.

ನಮ್ಮ ಜಿಲ್ಲೆಯ ಊರೂರಲ್ಲಿ ವೀರಗಲ್ಲು, ಮಾಸ್ತಿಕಲ್ಲು ನೋಡಿದವರಿಗೆ ನಿಸಿದಿ ಗುರುತಿಸುವುದು ಸುಲಭ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ ಅಥವಾ ದೇವರು ಇರುತ್ತದೆ. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಬಳೆ ತೊಟ್ಟ ಕೈ. ಚಿತ್ರವಿರುವ ನಿಸಿದಿಯಲ್ಲಿ ಕತ್ತಿ ಇಲ್ಲ, ಕುದುರೆ ಇಲ್ಲ. ಕೆಳಗೆ ಇಬ್ಬರು ಎದುರುಬದುರು ಕೂತಿರುತ್ತಾರೆ, ನಡುವೆ ಓಲೆಗರಿ ಇಡುವ ವ್ಯಾಸಪೀಠ. ಒಬ್ಬರು ಗುರು, ಇನ್ನೊಬ್ಬರು ಕೇಳುತ್ತಾ ಕೇಳುತ್ತಾ ಪ್ರಾಣ ಬಿಡುತ್ತಿರುವವರು. ಮೇಲಿನ ಅಂಕಣದಲ್ಲಿ ಮುಕ್ಕೊಡೆಯ ಕೆಳಗೆ ಜಿನ.

ಇಷ್ಟೆಲ್ಲ ಚಿತ್ರಗಳಿರುವುದು ನಂತರದ ಕಾಲದವಕ್ಕೆ. 7, 8ನೇ ಶತಮಾನದ ನಿಸಿದಿಗಳು ಬರೀ ಅಕ್ಷರ. ನೆಲದ ಬಂಡೆಯನ್ನು ನುಣುಪು ಕೂಡ ಮಾಡದೆ ನೇರವಾಗಿ ಕೊರೆದ ಎರಡು, ಮೂರು, ನಾಲ್ಕು ಸಾಲು. ಕಾಲಡಿಗೆ ಸಿಗುವುದು ಇವೇ, ತಪ್ಪಿಹೋಗುವುದೂ ಇವೇ.

ಯಾವಾಗ, ಹೇಗೆ

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್, ಅಲ್ಲಿಂದ ಬಲಕ್ಕೆ ತಿರುಗಿದರೆ ಬೆಳಗೊಳಕ್ಕೆ ಹನ್ನೆರಡು ಹದಿಮೂರು. ನೇರ ಬಸ್ಸಿಗೆ ಕಾಯುತ್ತಾ ಕೂರುವುದಕ್ಕಿಂತ ಚನ್ನರಾಯಪಟ್ಟಣಕ್ಕೆ ಸಿಕ್ಕ ಬಸ್ಸು ಹತ್ತಿ ಅಲ್ಲಿ ಬದಲಾಯಿಸುವುದು ಲೇಸು. ಹಾಸನ–ಬೆಂಗಳೂರು ರೈಲು ಹಾದಿಯಲ್ಲಿ ಶ್ರವಣಬೆಳಗೊಳ ನಿಲ್ದಾಣವೂ ಇದೆ, ಆದರೆ ಅದು ಊರಿಗೆ ಅಂಟಿಕೊಂಡಿಲ್ಲ, ಆಟೋ ಹಿಡಿಯಬೇಕು.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬೆಟ್ಟದ ಬುಡದಲ್ಲಿರಿ. ಇದಕ್ಕೆ ಎರಡು ಕಾರಣ. ಒಂದು, ಬರಿಗಾಲಲ್ಲಿ ಹತ್ತಬೇಕು, ಮತ್ತು ಇಡೀ ಬೆಟ್ಟ ಕರಿಗಲ್ಲು. ಮಾರ್ಚಿಯಿಂದ ಮೇವರೆಗೆ ಹತ್ತೂವರೆ ದಾಟಿತೆಂದರೆ ಕಾಲಿಡಲು ಆಗುವುದಿಲ್ಲ, ಓಡಿ ಓಡಿ ನೆರಳು ಸೇರುವುದೇ ಕೆಲಸವಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಬಂಡೆಯ ಅಕ್ಷರ ಕಾಣುವುದು ಓರೆ ಬಿಸಿಲಿನಲ್ಲಿ ಮಾತ್ರ. ಬಿಸಿಲು ಬಂಡೆಯನ್ನು ಸವರಿಕೊಂಡು ಬಂದಾಗ ಕೊರೆದ ಗೆರೆಯ ಒಂದು ಅಂಚು ನೆರಳಾಗಿ, ಇನ್ನೊಂದು ಅಂಚು ಹೊಳೆದು ಅಕ್ಷರ ಎದ್ದು ನಿಲ್ಲುತ್ತದೆ. ನೆತ್ತಿಯ ಬಿಸಿಲಲ್ಲಿ ಅದೇ ಬಂಡೆ ಬೋಳು. ಮಧ್ಯಾಹ್ನ ಬಂದು ‘ಇಲ್ಲೇನೂ ಇಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಕಂಡಿರುವುದಿಲ್ಲ.

ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಓರೆ ಬೆಳಕು ಹೆಚ್ಚು ಹೊತ್ತು ಸಿಗುತ್ತದೆ; ಆ ತಿಂಗಳುಗಳೇ ಒಳ್ಳೆಯವು. ಮಳೆಗಾಲದಲ್ಲಿ ಬಂಡೆ ಪಾಚಿಗಟ್ಟಿ ಜಾರುತ್ತದೆ, ಮೋಡವಿದ್ದರೆ ನೆರಳೇ ಬೀಳದು. ಬೆಳಿಗ್ಗೆ ಆಗದವರು ಸಂಜೆ ನಾಲ್ಕರ ಮೇಲೆ ಹತ್ತಲಿ, ಆದರೆ ಆಗ ಬಾಗಿಲು ಹಾಕುವ ಹೊತ್ತು ಬೆನ್ನಟ್ಟುತ್ತಿರುತ್ತದೆ.

ಎರಡೂ ಬೆಟ್ಟ ಒಂದೇ ದಿನ ಆಗಬೇಕೆಂದರೆ ಚಿಕ್ಕಬೆಟ್ಟ ಮೊದಲು. ದೊಡ್ಡಬೆಟ್ಟದ ಮೆಟ್ಟಿಲು ಆರುನೂರಕ್ಕೂ ಮೇಲೆ; ಇಲ್ಲಿ ಸುಮಾರು ಇನ್ನೂರು. ಸಮುದ್ರಮಟ್ಟದಿಂದ ಚಿಕ್ಕಬೆಟ್ಟ 3,052 ಅಡಿ, ದೊಡ್ಡಬೆಟ್ಟ 3,347 ಅಡಿ. ವಯಸ್ಸಾದವರು ಅಲ್ಲಲ್ಲಿ ಕೂತು ಹತ್ತಿದರೂ ಇಪ್ಪತ್ತು ನಿಮಿಷದಲ್ಲಿ ಮೇಲಿರುತ್ತಾರೆ. ಮೇಲೆ ಮೂರು ಗಂಟೆ ಇಟ್ಟುಕೊಳ್ಳಿ, ಅದಕ್ಕಿಂತ ಕಡಿಮೆ ಸಾಲದು.

ಕೈಚೀಲದಲ್ಲಿ ಇವಿರಲಿ: ತಲೆಗೆ ಒಂದೂವರೆ ಲೀಟರ್ ನೀರು, ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ, ಟೋಪಿ, ಚಿಕ್ಕ ಟಾರ್ಚು, ಪುಸ್ತಕ, ಪೆನ್ಸಿಲ್, ಅಂಗೈಯಗಲದ ಕನ್ನಡಿ. ನೈಲಾನ್ ಕಾಲುಚೀಲ ಬೇಡ, ಮೆಟ್ಟಿಲ ಮೇಲೆ ಜಾರುತ್ತದೆ. ಚರ್ಮದ ಬೆಲ್ಟು, ಪರ್ಸು ಬಸದಿಯೊಳಕ್ಕೆ ತರದಿರುವುದು ಮರ್ಯಾದೆ. ತಿಂಡಿ ಕೆಳಗೇ ಮುಗಿಸಿ, ಶೌಚವೂ ಕೆಳಗೇ ಆಗಲಿ. ಮೂರುಕಾಲಿನ ಸ್ಟ್ಯಾಂಡ್ ಇಟ್ಟು ಫೋಟೋ ತೆಗೆಯಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು. ಮೊಬೈಲಿಗೆ ಆ ತೊಡಕಿಲ್ಲ.

ಬಂಡೆಯ ಅಕ್ಷರ

ಬಸದಿಗಳೆಲ್ಲ ಇರುವುದು ಒಂದು ಪ್ರಾಕಾರದೊಳಗೆ, ಉದ್ದ 500 ಅಡಿ, ಅತಿ ಅಗಲವಿರುವ ಕಡೆ 225 ಅಡಿ. ಒಳಗೆ ಹೊಕ್ಕ ಕೂಡಲೇ ಬಸದಿಗಳ ಕಡೆ ಓಡಬೇಡಿ, ಓರೆ ಬಿಸಿಲು ಕಾಯುವುದಿಲ್ಲ. ಕತ್ತಲೆಯ ಗರ್ಭಗುಡಿ ಹನ್ನೊಂದು ಗಂಟೆಗೂ ಹಾಗೇ ಇರುತ್ತದೆ. ಮೊದಲು ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಗೆ ಹೋಗಿ.

ಅಚ್ಚಾದ ಶಾಸನ ಸಂಪುಟದ ಒಂದನೇ ನಂಬರಿನ ಶಾಸನ ಅಲ್ಲಿದೆ. ಸುಮಾರು ಕ್ರಿ.ಶ. 600ರದು, ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಉಜ್ಜಯಿನಿಯಲ್ಲಿ ಜೈನ ಗುರು ಭದ್ರಬಾಹು ಹನ್ನೆರಡು ವರ್ಷದ ಬರವನ್ನು ಮುಂಗಂಡದ್ದು, ಸಂಘ ದಕ್ಷಿಣಕ್ಕೆ ಬಂದದ್ದು, ಪ್ರಭಾಚಂದ್ರರೆಂಬ ಆಚಾರ್ಯರು ಈ ಕಟವಪ್ರ ಬೆಟ್ಟದಲ್ಲಿ ಒಬ್ಬನೇ ಶಿಷ್ಯನನ್ನು ಉಳಿಸಿಕೊಂಡು ಸಮಾಧಿ ಪಡೆದದ್ದು, ಆಮೇಲೆ ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿ ಹಿಡಿದದ್ದು ಇಷ್ಟೂ ಅದರಲ್ಲಿದೆ. ಚಂದ್ರಗುಪ್ತ ಮೌರ್ಯನ ಹೆಸರು ಇದರಲ್ಲಿ ಇಲ್ಲವೆಂಬುದನ್ನು ಗಮನಿಸಿ. ಭದ್ರಬಾಹುವಿನ ಶಿಷ್ಯ ಚಂದ್ರಗುಪ್ತನೆಂಬ ಮಾತು ಬೆಳಗೊಳದ ನಂತರದ ಶಾಸನಗಳಲ್ಲಿ ಬರುತ್ತದೆ. ಎರಡನ್ನೂ ಕಲಸಿ ಹೇಳುವವರು ಬಹಳ.

ಸುತ್ತಲೂ ಚಿಕ್ಕ ಚಿಕ್ಕ ಶಾಸನಗಳು. ಓದುವ ಕ್ರಮ ಹೀಗಿರಲಿ. ಸೂರ್ಯನಿಗೆ ಮುಖಮಾಡಿ, ಶಾಸನ ನಿಮಗೂ ಸೂರ್ಯನಿಗೂ ನಡುವೆ ಬರುವಂತೆ ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಆದಷ್ಟು ಬಂಡೆಯ ಮಟ್ಟಕ್ಕೆ ತನ್ನಿ. ನಿಂತು ನೋಡಿದಾಗ ಇಲ್ಲದ ಸಾಲು ಕೂತಾಗ ಕಾಣುತ್ತದೆ. ನೆರಳಿರುವ ಕಡೆ ಕನ್ನಡಿಯಿಂದ ಬಿಸಿಲನ್ನು ಬಂಡೆಗೆ ಸವರುವಂತೆ ಹಾಯಿಸಿ, ಇಲ್ಲವೇ ಟಾರ್ಚನ್ನು ಬಂಡೆಗೆ ತಾಗಿದಂತೆ ಮಲಗಿಸಿ ಹಿಡಿಯಿರಿ. ಒಮ್ಮೆ ಬರಹದ ಎಡಬದಿಯಿಂದ, ಒಮ್ಮೆ ಬರಹದ ತಲೆಬದಿಯಿಂದ. ಅಡ್ಡಗೆರೆಗಳು ಮೇಲಿನ ಬೆಳಕಿಗೆ, ನಿಲುಗೆರೆಗಳು ಪಕ್ಕದ ಬೆಳಕಿಗೆ ಏಳುತ್ತವೆ. ಒಂದೇ ಕಡೆಯ ಬೆಳಕಲ್ಲಿ ಓದಿದರೆ ಅರ್ಧ ಅಕ್ಷರ ಓದಿದಂತೆ. ಫೋಟೋ ತೆಗೆಯುವಾಗಲೂ ಈ ಎರಡು ಬೆಳಕಲ್ಲಿ ಒಂದೊಂದು, ಇಡೀ ಶಾಸನ ಜಾಗದ ಸಮೇತ ಕಾಣುವಂತೆ ಮೂರನೆಯದು. ಗಾಜು ಹೊದಿಸಿರುವ ಕಡೆ ಆಕಾಶದ ಹೊಳಪು ಅಡ್ಡ ಬರುತ್ತದೆ. ಮೊಬೈಲಿನ ಕಣ್ಣನ್ನು ಗಾಜಿಗೆ ಮುಟ್ಟಿಸಿ, ಮೇಲಿನಿಂದ ಟೋಪಿ ಮರೆಮಾಡಿ ತೆಗೆದರೆ ಬರುತ್ತದೆ.

ಲಿಪಿ ಗೊತ್ತಿಲ್ಲದವರು ಎದೆಗುಂದಬೇಕಿಲ್ಲ. ಶುರುವಿನಲ್ಲಿರುವ ‘ಶ್ರೀ’ಯನ್ನು ಹುಡುಕಿ, ಅದೊಂದು ಸಿಕ್ಕರೆ ಸಾಲು ಎಲ್ಲಿಂದ ಹೊರಡುತ್ತದೆಂದು ತಿಳಿಯುತ್ತದೆ. ಮುಂದೆ ಮತ್ತೆ ಮತ್ತೆ ಬರುವ ಮಾತುಗಳು ಬೆರಳೆಣಿಕೆಯಷ್ಟೆ. ‘ಗುರವಡಿಗಳ್’ ಎಂದರೆ ಗುರುಗಳು. ‘ಗಂತಿಯರ್’ ಎಂದರೆ ಸನ್ಯಾಸಿನಿ. ‘ನೋಂತು’ ಎಂದರೆ ವ್ರತ ಹಿಡಿದು, ‘ಮುಡಿಪ್ಪಿದರ್’ ಎಂದರೆ ಮುಗಿಸಿದರು. ‘ಕಳ್ಬಪ್ಪು’ ಎಂದು ಕಂಡರೆ ಅದು ಈ ಬೆಟ್ಟದ ಹಳೆಯ ಕನ್ನಡ ಹೆಸರು. ಇಲ್ಲಿನ ಒಂದು ಶಾಸನದಲ್ಲಿ ಚಿತ್ತೂರಿನ ಮೌನಿಗುರವಡಿಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ನೋಂತು ಮುಡಿಪಿದರೆಂದಿದೆ. ಇಷ್ಟೇ. ಹೊಗಳಿಕೆ ಇಲ್ಲ, ರಾಜನ ಹೆಸರಿಲ್ಲ. ಮೂರು ತಿಂಗಳು ಎಂಬ ಮಾತಿನ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಇದೇ ಬೆಟ್ಟದ ಬಂಡೆಯ ಮೇಲೆ ನಂದಿಸೇನ ಮುನಿಯ ನಿಸಿದಿ ಇದೆ, ಸುಮಾರು 700ರದು. ‘ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೊಲ್ ಮಂಜುವೋಲ್ ತೋಱಿ ಬೇಗಂ’ ಎಂದು ಹೊರಡುವ ಪದ್ಯ. ಸಿರಿ, ರೂಪು, ಹಣ ಎಲ್ಲ ಮಳೆಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಬೇಗ ಹೋಗುತ್ತವೆ. ಈ ನೆಲದ ಮೇಲಿನ ಇರವನ್ನು ನಾನು ಮೆಚ್ಚೆ ಎಂದು ಆತ ಸನ್ಯಸನಗೈದು ದೇವಲೋಕಕ್ಕೆ ಸಂದನೆಂದು ಮುಗಿಯುತ್ತದೆ. ಮಹಾಸ್ರಗ್ಧರೆ ಎಂಬ ವೃತ್ತದ ಲೆಕ್ಕಕ್ಕೆ ಪಕ್ಕಾ ಕೂರುತ್ತದೆ, ಜೊತೆಗೆ ಸಾಲುಗಳಿಗೆ ಆದಿಪ್ರಾಸವೂ ಇದೆ. ಗಟ್ಟಿಯಾಗಿ ಓದಿ, ಮಕ್ಕಳಿದ್ದರೆ ಅವರ ಕೈಲೂ ಓದಿಸಿ. ಕಾವ್ಯಗಳ ಓಲೆಗರಿಗಿಂತ ಎಷ್ಟೋ ಮುಂಚೆ ಕನ್ನಡದ ವೃತ್ತ ಹೀಗೆ ಬಂಡೆಯ ಮೇಲೆ ಪಳಗಿತ್ತು.

ಇಂಥ ಹಳೆಯ ಬಂಡೆಬರಹಗಳಲ್ಲಿ ಇಸವಿ ಇರುವುದಿಲ್ಲ. ‘ಸುಮಾರು 700’ ಎನ್ನುವುದು ಅಕ್ಷರದ ಆಕಾರ ನೋಡಿ ಕಟ್ಟಿದ ಕಾಲ. ಯಾರಾದರೂ ಇವಕ್ಕೆ ತಾರೀಖು ಸಮೇತ ಹೇಳಿದರೆ ನಂಬಬೇಡಿ.

ಮಾವ, ಸೋದರಳಿಯ

ಸಾವಿನ ವರ್ಷ ಗೊತ್ತಿರುವ ನಿಸಿದಿ ಬೇಕೆಂದರೆ ಪ್ರಾಕಾರದ ದಕ್ಷಿಣ ಬಾಗಿಲ ಬಳಿಯ ಎತ್ತರದ ಕಂಬಕ್ಕೆ ಬನ್ನಿ. ಮೇಲೆ ಚಿಕ್ಕ ಬ್ರಹ್ಮದೇವ ಕೂತಿರುವುದರಿಂದ ಕೂಗೆ ಬ್ರಹ್ಮದೇವರ ಕಂಬ ಎನ್ನುತ್ತಾರೆ. ನಾಲ್ಕು ಮುಖದಲ್ಲೂ ಬರಹ. ಗಂಗರ ದೊರೆ ಇಮ್ಮಡಿ ಮಾರಸಿಂಹ ಗೆದ್ದ ಕಾಳಗಗಳ ಪಟ್ಟಿ ಸುತ್ತಿ ಸುತ್ತಿ ಬಂದು, ಕೊನೆಗೆ ಆತ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಬಳಿ ಮೂರು ದಿನ ನೋಂತು ಸತ್ತನೆಂದು ಮುಗಿಯುತ್ತದೆ. 974ರ ಸಾವು. ಸತ್ತದ್ದು ಬಂಕಾಪುರದಲ್ಲಿ, ಕಂಬ ಇಲ್ಲಿ. ಬುಡದಲ್ಲಿ ಎಂಟು ದಿಕ್ಕಿಗೆ ಎಂಟು ಆನೆಗಳಿದ್ದವು. ಈಗ ಎಂಟೂ ಉಳಿದಿಲ್ಲ.

ಇಲ್ಲಿಂದ ಸವತಿಗಂಧವಾರಣ ಬಸದಿಯ ಮುಂದಿನ ಕಂಬಕ್ಕೆ ನಡೆಯಿರಿ. ಅದು ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರನದು. ಮಾರಸಿಂಹ ಇವನಿಗೆ ಸೋದರಮಾವ, ಅಳಿಯನನ್ನು ಸಿಂಹಾಸನದ ಮೇಲೆ ಕೂರಿಸಲು ಹೆಣಗಿದವನು. ಅದು ಕೈಗೂಡಲಿಲ್ಲ. ಇಬ್ಬರೂ ಅನ್ನ ಬಿಟ್ಟೇ ಸತ್ತರು, ಈಗ ಇಬ್ಬರ ಕಂಬವೂ ಒಂದೇ ಪ್ರಾಕಾರದಲ್ಲಿವೆ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೇ ಈ ಕಥೆ ಹೊಂದುತ್ತದೆ. ನಡುವೆ ನಾಲ್ಕು ಬಸದಿ ಸುತ್ತಿಬಂದರೆ ಮರೆತುಹೋಗುತ್ತದೆ.

ಇಂದ್ರನ ಕಂಬ ಅವನ ಚೆಂಡಾಟದ ಜಾಣ್ಮೆಯನ್ನು ಪದ್ಯ ಪದ್ಯವಾಗಿ ಹೊಗಳುತ್ತದೆ. ಸಾವಿನ ವರ್ಷವನ್ನು ಮಾತ್ರ ಅಂಕಿಯಲ್ಲಿ ಬರೆಯದೆ ಒಗಟು ಮಾಡಿದ್ದಾರೆ: ‘ವನಧಿನಭೋನಿಧಿ’. ವನಧಿ ಎಂದರೆ ಕಡಲು, ಕಡಲು ನಾಲ್ಕು. ನಭ ಎಂದರೆ ಬಾನು, ಬಯಲು, ಹಾಗಾಗಿ ಸೊನ್ನೆ. ನಿಧಿ ಒಂಬತ್ತು. ಬಲದಿಂದ ಎಡಕ್ಕೆ ಓದಬೇಕು: 904. ಇದು ಶಕವರ್ಷ, 78 ಕೂಡಿಸಿದರೆ 982. ಜೊತೆಗೆ ಚಿತ್ರಭಾನು ಸಂವತ್ಸರ, ಚೈತ್ರ ಬಹುಳ ಅಷ್ಟಮಿ, ಸೋಮವಾರ ಎಂದೂ ಇದೆ. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಬೇಲೂರು, ಹಳೇಬೀಡಿನ ಶಾಸನಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಜನವರಿಯಿಂದ ಯುಗಾದಿಯವರೆಗಿನ ತಿಥಿಗಳಿಗೆ 78ರ ಬದಲು 79 ಕೂಡಿಸಬೇಕು, ಇಲ್ಲದಿದ್ದರೆ ಒಂದು ವರ್ಷ ತಪ್ಪುತ್ತದೆ.

ಎದುರಿನ ಬಸದಿ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ್ದು. ಸವತಿಯರಿಗೆ ಮದದಾನೆ ಎಂಬುದು ಅವಳದೇ ಬಿರುದು. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಸುದ್ದಿ, ಮಗಳ ಸಾವಿನ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟ ಸುದ್ದಿ, ಎರಡೂ ಈ ಬೆಟ್ಟದ ಶಾಸನದಲ್ಲಿವೆ. ಹೊಯ್ಸಳ ಕಾಲದ ಗುಂಡು ಅಕ್ಷರ ಇಂದಿನ ಕನ್ನಡಕ್ಕೆ ಬಹಳ ಹತ್ತಿರ. ‘ಶ್ರೀಮತ್ಪರಮಗಂಭೀರ’ ಎಂದು ಶುರುವಾಗುವ ಜಿನಸ್ತುತಿ ಈ ಕಾಲದ ಜೈನ ಶಾಸನಗಳಲ್ಲಿ ಎಲ್ಲೆಲ್ಲೂ ಬರುವುದರಿಂದ, ಆ ಶ್ಲೋಕವನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಅಕ್ಷರಕ್ಕೆ ಅಕ್ಷರ ಹೊಂದಿಸುತ್ತಾ ಲಿಪಿ ಕಲಿಯಬಹುದು. ಲಿಪಿ ಕಲಿಯಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಬಿಸಿಲೇರಿದಮೇಲೆ ಒಳಗೆ

ಹತ್ತರ ಹೊತ್ತಿಗೆ ನೆರಳಿಗೆ ಸರಿಯಿರಿ. ಪಾರ್ಶ್ವನಾಥ ಬಸದಿಯಲ್ಲಿ 15 ಅಡಿಯ ಪಾರ್ಶ್ವನಾಥ ಇರುವುದರಿಂದ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ. ನವರಂಗದ ಕಂಬವೊಂದರ ಮೇಲೆ ಒತ್ತೊತ್ತಾಗಿ ಬರೆದಿರುವುದನ್ನು ಟಾರ್ಚು ಹಾಕಿ ನೋಡಿ. ಅದು 1129ರಲ್ಲಿ ಸಲ್ಲೇಖನದಿಂದ ತೀರಿಕೊಂಡ ಮಲ್ಲಿಷೇಣ ಮಲಧಾರಿದೇವರ ನಿಸಿದಿ; ಗುರುಪರಂಪರೆಯನ್ನು ಹಿಂದಿನಿಂದ ಎಣಿಸಿಕೊಂಡು ಬರುವ ದೊಡ್ಡ ಸಂಸ್ಕೃತ ಕಾವ್ಯವೇ ಸರಿ.

ಕತ್ತಲೆ ಬಸದಿ ಹೆಸರಿಗೆ ತಕ್ಕಂತೆ ಕತ್ತಲೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ ಕಟ್ಟಿಸಿದ್ದು. ಒಳಗೆ ಪ್ರದಕ್ಷಿಣೆಯ ದಾರಿಯಿದೆ. ಹೊರಗಿನ ಬಿಸಿಲಿಂದ ಬಂದ ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಹೊಸ್ತಿಲಲ್ಲೇ ನಿಂತುಕೊಳ್ಳಿ, ಎಡವುವುದು ಅಲ್ಲಿಯೇ.

ಇದಕ್ಕೆ ಅಂಟಿಕೊಂಡಿರುವುದು ಚಂದ್ರಗುಪ್ತ ಬಸದಿ. ಬಾಗಿಲ ಎರಡೂ ಬದಿಯ ಜಾಲಂಧ್ರಗಳಲ್ಲಿ, ಅಂದರೆ ತೂತು ಕೊರೆದ ಕಲ್ಲಿನ ಜಾಲರಿಗಳಲ್ಲಿ, ಭದ್ರಬಾಹು–ಚಂದ್ರಗುಪ್ತರ ಕಥೆ ಪುಟ್ಟ ಪುಟ್ಟ ಚೌಕಗಳಲ್ಲಿದೆ, ಒಂದೊಂದರಲ್ಲಿ 45, ಒಟ್ಟು 90. ಕೊರೆದವನು ದಾಸೋಜ, ಹೆಸರು ಹಾಕಿಕೊಂಡಿದ್ದಾನೆ. ಕಥೆ ಹಿಡಿಯಲು ಹೋದವರು ತಬ್ಬಿಬ್ಬಾಗುವುದು ಪೂರ್ವದ ಜಾಲಂಧ್ರದಲ್ಲಿ. ಅಲ್ಲಿ ಒಂದು ಬಿಟ್ಟು ಒಂದು ಸಾಲು ಸರಿಯಾದ ಜಾಗದಲ್ಲಿದೆ, ಉಳಿದ ಸಾಲುಗಳು ತಲೆಕೆಳಗಾದ ಕ್ರಮದಲ್ಲಿ ಕೂತಿವೆ. ಮೇಲಿಂದ ಕೆಳಕ್ಕೆ ನೇರವಾಗಿ ಓದಿದರೆ ಕಥೆ ಸಾಗುವುದಿಲ್ಲ.

ಚಾವುಂಡರಾಯ ಬಸದಿ ಈ ಬೆಟ್ಟದ ಅತಿ ಚೆಲುವಾದ ಕಟ್ಟಡ. ಇದರ ಹೊರಬಾಗಿಲ ಪಕ್ಕ ಚಾವುಂಡರಾಯ ಮಾಡಿಸಿದನೆಂಬ ಅರ್ಥದ ಒಂದೇ ವಾಕ್ಯದ ಶಾಸನವಿದೆ. ಮೊದಲ ಸಲ ಲಿಪಿ ಓದುವವರು ಪೂರ್ತಿ ಓದಿದೆವೆಂದು ಹಿಗ್ಗಬಹುದಾದ ಅಳತೆಯದು. ಭದ್ರಬಾಹು ಗುಹೆ ಪ್ರಾಕಾರದ ಹೊರಗಿದೆ, ಪಾದದ ಗುರುತಿಗೆ ಪೂಜೆ ನಡೆಯುತ್ತದೆ. ಒಳಗೆ ಜಾಗ ಕಿರಿದು, ತಗ್ಗು, ತಲೆ ಬಾಗಿಸಿಯೇ ಹೋಗಬೇಕು. ಗುಂಪಾಗಿ ನುಗ್ಗದೆ ಒಬ್ಬರ ಹಿಂದೆ ಒಬ್ಬರು ಹೋಗಿ, ಬೇಗ ಜಾಗ ಬಿಡಿ.

ಕೆಡುವುದು ಎಲ್ಲಿ

ಅಕ್ಷರ ಕಾಣಲೆಂದು ಸೀಮೆಸುಣ್ಣ, ಅಕ್ಕಿಹಿಟ್ಟು, ಇದ್ದಿಲು, ಎಣ್ಣೆ ಬಳಿಯುವ ಅಭ್ಯಾಸ ಕೆಲವರಿಗಿದೆ. ಎಂದಿಗೂ ಬೇಡ. ಸುಣ್ಣ ತುಂಬುವವನು ತಾನು ಊಹಿಸಿದ ಗೆರೆಗೆ ತುಂಬುತ್ತಾನೆ, ಮುಂದೆ ಬಂದವನು ಕಲ್ಲನ್ನು ಓದದೆ ಸುಣ್ಣವನ್ನು ಓದುತ್ತಾನೆ. ಎಣ್ಣೆ ಧೂಳು ಹಿಡಿದು ಗೆರೆ ಮುಚ್ಚುತ್ತದೆ. ಬಂಡೆ ಹಗಲು ಹಿಗ್ಗಿ ರಾತ್ರಿ ಕುಗ್ಗಿ ಮೇಲ್ಪದರ ತಾನಾಗಿಯೇ ಚಕ್ಕೆ ಏಳುತ್ತಿರುತ್ತದೆ. ಆ ಟೊಳ್ಳಾದ ಚಕ್ಕೆಯ ಮೇಲೆ ಒಂದು ಕಾಲಿಟ್ಟರೆ ಅಕ್ಷರದ ಸಮೇತ ಕಿತ್ತುಬರುತ್ತದೆ. ಉಗುರಿಂದ ಪಾಚಿ ಕೆರೆಯುವುದೂ ಇದೇ ಕೇಡು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆಯೆಂಬುದು ನೆನಪಿರಲಿ.

ಇನ್ನೊಂದು ಗೊಂದಲ ನಂಬರಿನದು. ಬೆಳಗೊಳದ ಶಾಸನಗಳ ಸಂಪುಟ ಮೂರು ಸಲ ಬಂದಿದೆ: 1889ರಲ್ಲಿ ಬಿ.ಎಲ್. ರೈಸ್ ಅವರದು, 1923ರಲ್ಲಿ ಆರ್. ನರಸಿಂಹಾಚಾರ್ಯರದು, 1973ರಲ್ಲಿ ಮೂರನೆಯದು. ಮೂರರಲ್ಲೂ ಕ್ರಮಸಂಖ್ಯೆ ಬೇರೆ ಬೇರೆ. ಮನೆಯಲ್ಲಿ ಒಂದು ಮುದ್ರಣದ ನಂಬರ್ ಬರೆದುಕೊಂಡು ಬಂದು, ಇಲ್ಲಿ ಇನ್ನೊಂದರ ನಂಬರಿಗೆ ತಾಳೆ ಹಾಕಿದರೆ ಸಿಗುವುದು ಬೇರೆಯವರ ಸಾವು. ನಂಬರಿನ ಪಕ್ಕ ಮುದ್ರಣದ ವರ್ಷ ಬರೆದುಕೊಳ್ಳಿ, ವ್ಯಕ್ತಿಯ ಹೆಸರೂ ಇರಲಿ. ಬೆಟ್ಟದ ಮೇಲೆ ಯಾರನ್ನಾದರೂ ಕೇಳುವಾಗಲೂ ‘ಅಣ್ಣಾ, ಮಾರಸಿಂಹನ ಕಂಬ ಯಾವುದು?’ ಎಂದರೆ ಉತ್ತರ ಸಿಗುತ್ತದೆ, ನಂಬರಿಗೆ ಸಿಗುವುದಿಲ್ಲ.

ಒಂದು ಸಲ ಹೀಗೆ ನೋಡಿಬಂದವರ ಕಣ್ಣಿಗೆ ತಮ್ಮೂರ ಕೆರೆ ಏರಿಯಲ್ಲೋ ಬಟ್ಟೆ ಒಗೆಯುವ ಜಾಗದಲ್ಲೋ ಮುಕ್ಕೊಡೆಯ ಜಿನನಿರುವ ಕಲ್ಲು ಬೀಳುವುದು ಅಪರೂಪವಲ್ಲ. ಸಿಕ್ಕರೆ ಅಲುಗಿಸಬೇಡಿ, ಸುಣ್ಣ ಬಳಿಯಲು ಬಿಡಬೇಡಿ. ಪಕ್ಕಕ್ಕೆ ಒಂದು ಅಡಿಪಟ್ಟಿ ಇಟ್ಟು ಮುಂದೆ, ಹಿಂದೆ, ಎರಡು ಮಗ್ಗುಲು ಫೋಟೋ ತೆಗೆಯಿರಿ. ಎತ್ತರ, ಅಗಲ, ದಪ್ಪ ಅಳೆದು, ಯಾರ ಸರ್ವೆ ನಂಬರಿನಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆಯೆಂದು ಬರೆದು ಪುರಾತತ್ವ ಇಲಾಖೆಗೂ ಪಂಚಾಯಿತಿಗೂ ಒಂದೊಂದು ಪ್ರತಿ ಕೊಡಿ. ಮಗ್ಗುಲಿನ ಫೋಟೋ ಬಿಡಬೇಡಿ; ಮುಂದೆ ಚಿತ್ರವಿರುವ ಕಲ್ಲಿಗೆ ಬರಹ ಎಷ್ಟೋ ಸಲ ಪಕ್ಕದಲ್ಲಿರುತ್ತದೆ.